ಮತದಾರರ ಪಟ್ಟಿಗೆ ಸೇರದ 28 ಲಕ್ಷ ಹೆಸರುಗಳು

ಹೆಂಡತಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂಬ ವಾಡಿಕೆ ನಮ್ಮ ಹಳ್ಳಿಗಳಲ್ಲಿ ಬಹುಕಾಲ ಇತ್ತು. ಉತ್ತರ ಭಾರತದ ಹಲವೆಡೆ ಇದಕ್ಕಿಂತ ಬಿಗಿಯಾದ ಇನ್ನೊಂದು ಕಟ್ಟಳೆಯಿತ್ತು. ಅಲ್ಲಿ ಹೆಣ್ಣುಮಗಳು ತನ್ನ ಸ್ವಂತ ಹೆಸರನ್ನೇ ಪರಪುರುಷರ ಎದುರು ಹೇಳುವಂತಿರಲಿಲ್ಲ. ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಗೆ ಎದುರಾದ ದೊಡ್ಡ ತೊಡಕುಗಳಲ್ಲಿ ಇದೂ ಒಂದು.

ಚುನಾವಣಾ ಆಯೋಗ ಸ್ಥಾಪನೆಯಾದದ್ದು 1950ರ ಜನವರಿ 25ರಂದು. ಪಶ್ಚಿಮ ಬಂಗಾಳದ ಮುಖ್ಯ ಕಾರ್ಯದರ್ಶಿಯಾಗಿದ್ದ ಸುಕುಮಾರ ಸೇನ್ ಅದೇ ವರ್ಷ ಪ್ರಥಮ ಮುಖ್ಯ ಚುನಾವಣಾ ಆಯುಕ್ತರಾದರು. ಲೋಕಸಭೆಯ 489 ಸ್ಥಾನಗಳಿಗೂ ರಾಜ್ಯಗಳ ವಿಧಾನಸಭೆಗಳಿಗೂ ಒಟ್ಟಿಗೇ ಚುನಾವಣೆ ನಡೆಯಬೇಕಿತ್ತು. 21 ವರ್ಷ ತುಂಬಿದ ಎಲ್ಲರಿಗೂ ಮತದಾನದ ಹಕ್ಕು ದೊರೆತಿದ್ದರಿಂದ ಮತದಾರರ ಸಂಖ್ಯೆ 17 ಕೋಟಿಯನ್ನು ಮೀರಿತು. ಇವರಲ್ಲಿ ಬಹುಪಾಲು ಜನರಿಗೆ ಓದುಬರಹ ತಿಳಿಯದು. ಆದ್ದರಿಂದ ಪ್ರತಿ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಪ್ರತ್ಯೇಕ ಪೆಟ್ಟಿಗೆಯನ್ನು ಇಡಲಾಯಿತು.

ಚಿಹ್ನೆಯಿಂದ ಅನಕ್ಷರತೆಯ ಸಮಸ್ಯೆ ಬಗೆಹರಿಯಿತು; ಹೆಸರಿನ ಸಮಸ್ಯೆ ಬಗೆಹರಿಯಲಿಲ್ಲ. ಪಟ್ಟಿ ತಯಾರಿಸಲು ಮನೆಮನೆಗೆ ಹೋದವರಿಗೆ ಅನೇಕ ಕಡೆ ದೊರೆತ ಉತ್ತರ ‘ಇಂಥವನ ಹೆಂಡತಿ’, ‘ಇಂಥವನ ಮಗಳು’ ಎಂದಷ್ಟೇ. ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನ, ಮಧ್ಯಭಾರತ ಮತ್ತು ವಿಂಧ್ಯಪ್ರದೇಶಗಳಲ್ಲಿ ಇಂಥ ನಮೂದುಗಳು ಹೆಚ್ಚಾಗಿದ್ದವು.

ಇದರ ಬೇರು ಬರೀ ವಾಡಿಕೆಯಲ್ಲಿರಲಿಲ್ಲ. 1935ರ ಭಾರತ ಸರ್ಕಾರ ಕಾಯಿದೆಯ ಅಡಿಯಲ್ಲಿ ಅನೇಕ ಸ್ತ್ರೀಯರಿಗೆ ಮತದ ಹಕ್ಕು ದೊರೆತದ್ದು ಆಸ್ತಿಯ ಅರ್ಹತೆಯುಳ್ಳ ಪುರುಷನ ಪತ್ನಿ ಅಥವಾ ವಿಧವೆ ಎಂಬ ಕಾರಣದಿಂದ. ಸಂವಿಧಾನ ಈ ಸಂಬಂಧವನ್ನು ಕಡಿದುಹಾಕಿತು. ಹಕ್ಕು ವ್ಯಕ್ತಿಗೆ ಸೇರಿದ್ದೆಂದ ಮೇಲೆ ಆ ವ್ಯಕ್ತಿಗೊಂದು ಹೆಸರು ಬೇಡವೆ?

ಹೆಸರು ತಿಳಿಸದವರನ್ನು ಪಟ್ಟಿಗೆ ಸೇರಿಸುವಂತಿಲ್ಲ ಎಂದು ಆಯೋಗ ನಿರ್ಧರಿಸಿತು. ಸರಿಯಾದ ಹೆಸರು ಕೊಡಲು ಬಿಹಾರದಂಥ ಕಡೆ ಹೆಚ್ಚಿನ ಕಾಲಾವಕಾಶವೂ ಸಿಕ್ಕಿತು. ಆದರೂ ಸುಮಾರು 8 ಕೋಟಿ ಸ್ತ್ರೀ ಮತದಾರರ ಪೈಕಿ 28 ಲಕ್ಷದಷ್ಟು ಮಂದಿ ಪಟ್ಟಿಯಿಂದ ಹೊರಗುಳಿದರು.

ಈ ಕ್ರಮ ನ್ಯಾಯವಾಗಿತ್ತೆ? ಮನೆತನದ ಕಟ್ಟುಪಾಡಿಗೆ ಒಳಗಾದವರೇ ಅದರ ದಂಡವನ್ನೂ ತೆರಬೇಕಾಯಿತು ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಒಂದೇ ಮನೆಯಲ್ಲಿ ಮೂವರು ಹೆಣ್ಣುಮಕ್ಕಳಿದ್ದರೆ ‘ಇಂಥವನ ಮಗಳು’ ಯಾರೆಂದು ಮತಗಟ್ಟೆಯ ಅಧಿಕಾರಿ ಗುರುತಿಸುವುದು ಹೇಗೆ? ಒಬ್ಬರ ಮತವನ್ನು ಮತ್ತೊಬ್ಬರು ಹಾಕಲು ಅದು ದಾರಿಯಾಗುತ್ತಿತ್ತು. ಹೆಸರು ಬಿಟ್ಟುಹೋದದ್ದರಿಂದ ಎದ್ದ ಗದ್ದಲ ಒಳ್ಳೆಯದೇ, ಮುಂದಿನ ಚುನಾವಣೆಯ ಹೊತ್ತಿಗೆ ಜನರ ಸಂಕೋಚ ಕಳೆದೀತು ಎಂಬುದು ಸೇನ್ ಅವರ ಎಣಿಕೆಯಾಗಿತ್ತು.

ಎಣಿಕೆ ಸುಳ್ಳಾಗಲಿಲ್ಲ, ಫಲ ಮಾತ್ರ ನಿಧಾನವಾಗಿ ಬಂತು. 1962ರ ಲೋಕಸಭಾ ಚುನಾವಣೆಯಲ್ಲಿ ಪುರುಷರಲ್ಲಿ ಶೇ. 63ರಷ್ಟು ಮಂದಿ ಮತ ಹಾಕಿದರೆ, ಸ್ತ್ರೀಯರಲ್ಲಿ ಶೇ. 47ಕ್ಕಿಂತ ಕಡಿಮೆ. ಈ ಅಂತರ ಮುಚ್ಚಿಹೋಗಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. 2019ರಲ್ಲಿ ಮೊದಲ ಬಾರಿಗೆ ಸ್ತ್ರೀಯರ ಮತದಾನದ ಪ್ರಮಾಣ ಪುರುಷರದನ್ನು ಕೂದಲೆಳೆಯಷ್ಟು ಮೀರಿತು.

ಆದರೆ ಮತದಾರರ ಪಟ್ಟಿಯಲ್ಲಿ ಸಿಕ್ಕ ಜಾಗ ಗೆದ್ದವರ ಪಟ್ಟಿಯಲ್ಲಿ ಸಿಕ್ಕಿಲ್ಲ. 2024ರ ಚುನಾವಣೆಯಲ್ಲಿ ಲೋಕಸಭೆಯ 543 ಸ್ಥಾನಗಳಲ್ಲಿ ಸ್ತ್ರೀಯರು ಗೆದ್ದದ್ದು 74. ಲೋಕಸಭೆ ಮತ್ತು ವಿಧಾನಸಭೆಗಳ ಮೂರನೆಯ ಒಂದು ಭಾಗವನ್ನು ಸ್ತ್ರೀಯರಿಗೆ ಮೀಸಲಿಡುವ ಸಂವಿಧಾನ ತಿದ್ದುಪಡಿಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿತ್ತು.

ಇಂದು ಮತಗಟ್ಟೆಯ ಅಧಿಕಾರಿ ಕ್ರಮಸಂಖ್ಯೆ ಓದಿ ಒಬ್ಬ ಹೆಣ್ಣುಮಗಳ ಹೆಸರು ಕೂಗಿದಾಗ ಯಾರೂ ತಿರುಗಿ ನೋಡುವುದಿಲ್ಲ. ಅಷ್ಟು ಸಹಜವಾಗಿ ಕೇಳಿಸುವ ಆ ಕೂಗಿನ ಹಿಂದೆ ಪಟ್ಟಿಗೆ ಸೇರದೆ ಹೋದ ಆ 28 ಲಕ್ಷ ಮಂದಿಯ ಕಥೆಯಿದೆ.