ತಂತ್ರಾಂಶಕ್ಕೂ ಬೇಕು ತಾಮ್ರಪಟ

ಹಿಂದಿನ ಅರಸರು ಭೂಮಿಯನ್ನು ದಾನ ಕೊಟ್ಟಾಗ ತಾಮ್ರಪಟ ಬರೆಸುತ್ತಿದ್ದರು. ಕೊಟ್ಟವರು ಯಾರು, ಪಡೆದವರು ಯಾರು, ಗದ್ದೆಯ ಎಲ್ಲೆ ಎಲ್ಲಿಯವರೆಗೆ ಎಂಬುದೆಲ್ಲ ಅದರಲ್ಲಿ ಇರುತ್ತಿತ್ತು. ಗದ್ದೆ ಕಣ್ಣೆದುರಿಗೇ ಇದ್ದರೂ ಪಟ ಕಳೆದರೆ ಹಕ್ಕು ಸಂಶಯಕ್ಕೆ ಒಳಗಾಗುತ್ತಿತ್ತು. ಗಣಕಯಂತ್ರದ ತಂತ್ರಾಂಶಗಳ ಪಾಡೂ ಇದೇ. ಫ್ಲಾಪಿ ಉಳಿದು, ಅದರೊಡನೆ ಬಂದ ಪರವಾನಗಿ ಪತ್ರ ಕಸದ ಬುಟ್ಟಿ ಸೇರಿದರೆ, ಆ ತಂತ್ರಾಂಶವನ್ನು ಬೀರುವಿನಲ್ಲಿ ಇಡಬಹುದೇ ಹೊರತು ಧೈರ್ಯವಾಗಿ ಹಂಚುವಂತಿಲ್ಲ.

ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 1984ರಲ್ಲಿ ಆದ ತಿದ್ದುಪಡಿ ಗಣಕ ಪ್ರೋಗ್ರಾಂಗಳನ್ನು ಸಾಹಿತ್ಯ ಕೃತಿಗಳ ಸಾಲಿಗೆ ಸೇರಿಸಿತು. ಹೀಗಾಗಿ ಕಾದಂಬರಿಯಂತೆಯೇ ಪ್ರೋಗ್ರಾಮಿಗೂ ಸಾಮಾನ್ಯವಾಗಿ ಕರ್ತೃವಿನ ಮರಣಾನಂತರ 60 ವರ್ಷಗಳ ರಕ್ಷಣೆ ಇದೆ. ನೌಕರಿಯ ಭಾಗವಾಗಿ ಬರೆದದ್ದಾದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಮೊದಲ ಒಡೆತನ ಮಾಲೀಕರದು. ಬರೆದವರ ಹೆಸರು ತಿಳಿದರೆ ಸಾಲದು. ಯಾರಿಗಾಗಿ ಬರೆದರು ಎಂಬುದೂ ತಿಳಿಯಬೇಕು.

ಕನ್ನಡದ ಉದಾಹರಣೆಗಳನ್ನೇ ನೋಡೋಣ. ಕೆ.ಪಿ. ರಾವ್ ಅವರು ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿನಲ್ಲಿ ‘ಸೇಡಿಯಾಪು’ ತಂತ್ರಾಂಶವನ್ನು ರೂಪಿಸಿ ಎಲ್ಲರಿಗೂ ಉಚಿತವಾಗಿ ಕೊಟ್ಟರು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು; ಮೊದಲ ವರ್ಷಗಳಲ್ಲಿ ಉಚಿತವಾಗಿದ್ದು, ಮುಂದಿನ ಆವೃತ್ತಿಗಳಿಗೆ ಬೆಲೆ ನಿಗದಿಯಾಯಿತು. ‘ನುಡಿ’ಯನ್ನು ರಾಜ್ಯ ಸರ್ಕಾರಕ್ಕಾಗಿ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿತು. ‘ಲೋಹಿತ್’ ಕನ್ನಡ ಅಕ್ಷರವಿನ್ಯಾಸದ ಪರವಾನಗಿಯೇ 2011ರಲ್ಲಿ ಬದಲಾಯಿತು. ಜನ ಇವೆಲ್ಲವನ್ನೂ ‘ಫ್ರೀ’ ಎಂದೇ ಕರೆದರು. ಆದರೆ ಕಾಸಿಲ್ಲದೆ ಬಳಸುವ ಅನುಮತಿ ಬೇರೆ, ತಿದ್ದಿ ಹಂಚುವ ಅನುಮತಿ ಬೇರೆ. ಯಾವ ಆವೃತ್ತಿಗೆ ಯಾವ ಪತ್ರ ಎಂಬುದನ್ನು ಕೂಡಿಸಿ ಇಡದಿದ್ದರೆ ಈ ವ್ಯತ್ಯಾಸ ಮಾಸಿಹೋಗುತ್ತದೆ.

ಕೊನೆಯ ಪತ್ರವೊಂದನ್ನು ಉಳಿಸಿದರೂ ಸಾಲದೆಂಬುದಕ್ಕೆ ಯುನಿಕ್ಸ್ ಸಾಕ್ಷಿ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಈ ಕಾರ್ಯಾಚರಣ ವ್ಯವಸ್ಥೆ 1993ರಲ್ಲಿ ಎಟಿ ಅಂಡ್ ಟಿಯಿಂದ ನೋವೆಲ್ ಕಂಪೆನಿಗೆ ಬಂತು. 1995ರಲ್ಲಿ ನೋವೆಲ್ ಅದರ ವ್ಯವಹಾರವನ್ನು ಎಸ್‌ಸಿಒಗೆ ಮಾರಿತು. ಹಳೆಯ ಯುನಿಕ್ಸ್ ಓದಬಯಸುವವರಿಗೆ ಎಸ್‌ಸಿಒ 1998ರಲ್ಲಿ 100 ಡಾಲರಿನ ಪರವಾನಗಿ ಕೊಟ್ಟಿತು. ಅದರ ಉತ್ತರಾಧಿಕಾರಿ ಕಾಲ್ಡೆರಾ 2002ರ ಜನವರಿಯಲ್ಲಿ ಒಂದು ಪತ್ರದ ಮೂಲಕ ಹಳೆಯ ಆವೃತ್ತಿಗಳನ್ನು ಮುಕ್ತಗೊಳಿಸಿತು. ಆದರೆ ಯುನಿಕ್ಸಿನ ಹಕ್ಕುಸ್ವಾಮ್ಯ ನೋವೆಲ್ ಬಳಿಯೇ ಉಳಿದಿತ್ತೆಂದು 2010ರಲ್ಲಿ ಅಮೆರಿಕದ ಜ್ಯೂರಿ ತೀರ್ಮಾನಿಸಿತು. ಆಗ ಹಳೆಯ ಪ್ರಶ್ನೆ ಮತ್ತೆ ಎದ್ದಿತು: ಕೊಟ್ಟವರಿಗೆ ಕೊಡುವ ಹಕ್ಕಿತ್ತೇ? ಮಾರಾಟದ ಕರಾರು, ತಿದ್ದುಪಡಿ, ಪತ್ರವ್ಯವಹಾರ ಎಲ್ಲವೂ ಸರಪಳಿಯಂತೆ ಉಳಿಯಬೇಕಾದದ್ದು ಇದಕ್ಕೇ.

ಆದ್ದರಿಂದ ಸಂಗ್ರಹಾಲಯದಲ್ಲಿ ತಂತ್ರಾಂಶ, ಕೈಪಿಡಿ, ಪೆಟ್ಟಿಗೆ, ರಸೀದಿ, ಪರವಾನಗಿಗಳನ್ನು ಒಂದೇ ಕ್ರಮಸಂಖ್ಯೆಯಡಿ ಇಡಬೇಕು. ಪರವಾನಗಿಯ ಸಾರಾಂಶ ಬರೆದರೆ ಸಾಲದು. ಮೂಲ ಪಾಠ ಅಕ್ಷರಶಃ ಉಳಿಯಬೇಕು. ಸಂಶಯವಿದ್ದಲ್ಲಿ ‘ಸಂಶಯವಿದೆ’ ಎಂದೇ ನಮೂದಿಸಬೇಕು.

ಇದು ಗುಮಾಸ್ತಗಿರಿಯ ಕೆಲಸವೆಂದು ತಳ್ಳಿಹಾಕುವಂತಿಲ್ಲ. ಯೂನಿಕೋಡ್ ಬಳಕೆಗೆ ಬರುವ ಮುನ್ನ ಒಂದೊಂದು ಕನ್ನಡ ತಂತ್ರಾಂಶ ಅಕ್ಷರಗಳಿಗೆ ಒಂದೊಂದು ಸಂಕೇತ ಕೊಟ್ಟಿತ್ತು. ಅಂದು ಬೆರಳಚ್ಚಾದ ಕಾದಂಬರಿ, ಪ್ರಬಂಧ, ಸಂಘದ ನಡಾವಳಿಗಳು ಆಯಾ ಅಕ್ಷರವಿನ್ಯಾಸವಿಲ್ಲದೆ ತೆರೆದರೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಬೀಗದ ಕೈಯನ್ನು ಹಂಚಲು ಅನುಮತಿಯಿಲ್ಲದಿದ್ದರೆ ಪೆಟ್ಟಿಗೆಯೊಳಗಿನ ಬರಹಕ್ಕೂ ಕುತ್ತು.

ಬೆಂಗಳೂರಿನ ಪಶ್ಚಿಮಕ್ಕೆ, ಮಲ್ಲತ್ತಹಳ್ಳಿಯಲ್ಲಿ 1980ರಲ್ಲಿ ಸ್ಥಾಪನೆಯಾದ ಡಾ. ಅಂಬೇಡ್ಕರ್ ತಾಂತ್ರಿಕ ಮಹಾವಿದ್ಯಾಲಯವಿದೆ. ಪಕ್ಕದ ನಾಗರಬಾವಿಯಲ್ಲಿ ನ್ಯಾಷನಲ್ ಲಾ ಸ್ಕೂಲ್ ಇದೆ. ಫ್ಲಾಪಿ ಓದಬಲ್ಲವರೂ ಕರಾರು ಓದಬಲ್ಲವರೂ ಇಷ್ಟು ಹತ್ತಿರ ಇರುವ ಊರಿನಲ್ಲಿ ಎರಡನ್ನೂ ಒಟ್ಟಿಗೆ ಉಳಿಸುವುದು ಅಸಾಧ್ಯವೇನಲ್ಲ. ಅಟ್ಟ ತೆರವು ಮಾಡುವವರು ಹಳೆಯ ಫ್ಲಾಪಿಯ ಜೊತೆಗಿನ ಕಾಗದವನ್ನೂ ಎಸೆಯದೆ ಇಟ್ಟರೆ ಅರ್ಧ ಕೆಲಸ ಮುಗಿದಂತೆ.