ಕಪ್ಪೆಚಿಪ್ಪು ಸಂಗ್ರಹ ನಿಯಂತ್ರಣ, ವಿಷಪಾಚಿಯ ನೀರಿನಲ್ಲಿ

ವಿಷಪಾಚಿ ಬೆಳೆದ ಅಳಿವೆ ಮತ್ತು ಕಡಲತೀರಗಳಲ್ಲಿ ಕಪ್ಪೆಚಿಪ್ಪು ಆಯುವುದನ್ನು ತಡೆದು, ಮಾಂಸ ಪರೀಕ್ಷಿಸಿದ ಬಳಿಕ ಮತ್ತೆ ಬಿಡುವ ವ್ಯವಸ್ಥೆ. ಕರಾವಳಿಯವರು ಮರುವಾಯಿ, ಬಳಚು, ಪಚ್ಚಿಲೆ ಎನ್ನುವ ಈ ಜೀವಿಗಳು ನೀರು ಸೋಸಿ ಆಹಾರ ಪಡೆಯುತ್ತವೆ. ಕೆಲವು ಸೂಕ್ಷ್ಮಪಾಚಿಗಳ ಸ್ಯಾಕ್ಸಿಟಾಕ್ಸಿನ್ ಎಂಬ ವಿಷ ಆಗ ಅವುಗಳ ಮಾಂಸದಲ್ಲಿ ಸೇರಿಕೊಳ್ಳುತ್ತದೆ. ಬೇಯಿಸಿದರೂ ಅದು ಅಳಿಯದು. ತಿಂದವರ ತುಟಿ, ನಾಲಗೆ ಜೋಮು ಹಿಡಿಯುತ್ತವೆ. ವಿಷ ಹೆಚ್ಚಾದರೆ ಉಸಿರಾಟ ನಿಲ್ಲುತ್ತದೆ. ಪ್ರತಿವಿಷ ಇಲ್ಲ.

ಕುಂಬಳೆ, 1983

ಕನ್ನಡ ನಾಡಿಗೆ ತೀರ ಹತ್ತಿರದ ಪ್ರಕರಣ ಕುಂಬಳೆ ಅಳಿವೆಯದು. ಕುಂಬಳೆ ಆಗ ಕಣ್ಣೂರು ಜಿಲ್ಲೆಯಲ್ಲಿತ್ತು. ಅದು ಈಗಿರುವ ಕಾಸರಗೋಡು ಜಿಲ್ಲೆಯಾದದ್ದು 1984ರಲ್ಲಿ. 1983ರ ಏಪ್ರಿಲ್‌ನಲ್ಲಿ ಅಲ್ಲಿನ ಮರುವಾಯಿ ತಿಂದು ಹಲವರು ಆಸ್ಪತ್ರೆ ಸೇರಿದರು, ಒಬ್ಬ ಬಾಲಕ ತೀರಿಕೊಂಡ. ವಿಜ್ಞಾನಿಗಳಾದ ಇಂದ್ರಾಣಿ ಕರುಣಾಸಾಗರ್, ಇಡ್ಯ ಕರುಣಾಸಾಗರ್ ಮತ್ತು ಸಂಗಡಿಗರು ಮರುವರ್ಷ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಇದನ್ನು ವರದಿ ಮಾಡಿದರು. 1981ರಲ್ಲಿ ತಮಿಳುನಾಡಿನಲ್ಲಿ ಮೂವರು, 1997ರಲ್ಲಿ ಕೇರಳದ ವಿಳಿಂಜಂನಲ್ಲಿ ಏಳು ಮಂದಿ ಹೀಗೆಯೇ ಸತ್ತರು. ವಿಳಿಂಜಂನಲ್ಲಿ ಆಸ್ಪತ್ರೆ ಸೇರಿದವರು ಸುಮಾರು 500.

ಅಳತೆ

ನೀರು ಕೆಂಪಾಗುವುದನ್ನೇ ಅಪಾಯದ ಗುರುತೆಂದು ನಂಬುವಂತಿಲ್ಲ. ತಿಳಿಯಾಗಿ ಕಾಣುವ ನೀರಿನ ಚಿಪ್ಪಿನಲ್ಲೂ ವಿಷ ಇರಬಹುದು. ಆದ್ದರಿಂದ ಮಾಂಸವನ್ನೇ ಪರೀಕ್ಷಿಸಬೇಕು. 1927ರ ಸ್ಯಾನ್‌ಫ್ರಾನ್ಸಿಸ್ಕೊ ಚಿಪ್ಪುವಿಷ ದುರಂತದ ನಂತರ ರೂಪುಗೊಂಡ ಇಲಿ ಪರೀಕ್ಷೆಯೇ ದಶಕಗಳ ಕಾಲ ಪ್ರಮಾಣವಾಗಿತ್ತು. ಮಾಂಸವನ್ನು ಆಮ್ಲದಲ್ಲಿ ಕುದಿಸಿ ಸೋಸಿದ ರಸವನ್ನು 20 ಗ್ರಾಂ ತೂಕದ ಇಲಿಯ ಹೊಟ್ಟೆಗೆ ಚುಚ್ಚಿ, ಅದು ಸಾಯುವವರೆಗಿನ ಸಮಯ ಎಣಿಸುತ್ತಾರೆ. 15 ನಿಮಿಷದಲ್ಲಿ ಕೊಲ್ಲುವ ಪ್ರಮಾಣ ಒಂದು ‘ಇಲಿ ಮಾನ’. 100 ಗ್ರಾಂ ಮಾಂಸದಲ್ಲಿ ಸುಮಾರು 400 ಇಲಿ ಮಾನ, ಅಂದರೆ 80 ಮೈಕ್ರೊಗ್ರಾಂ ಸ್ಯಾಕ್ಸಿಟಾಕ್ಸಿನ್, ಮೀರಿದರೆ ಸಂಗ್ರಹ ನಿಲ್ಲಬೇಕು. ಅಂತರರಾಷ್ಟ್ರೀಯ ಕೋಡೆಕ್ಸ್ ಆಹಾರ ಮಾನದಂಡವೂ ಭಾರತದ ಆಹಾರ ಸುರಕ್ಷತಾ ನಿಯಮವೂ ಒಪ್ಪಿರುವ ಮಿತಿ ಇದೇ. ಈಗ ಹಲವು ದೇಶಗಳು ಇಲಿಯ ಬದಲು ದ್ರವ ಕ್ರೊಮಟೊಗ್ರಫಿ ಎಂಬ ರಾಸಾಯನಿಕ ವಿಧಾನ ಬಳಸುತ್ತವೆ.

ಕಾನೂನು

ಕ್ಯಾಲಿಫೋರ್ನಿಯದಲ್ಲಿ ಮನೆಬಳಕೆಗೆ ಪಚ್ಚಿಲೆ ಆಯುವುದಕ್ಕೆ ಪ್ರತಿವರ್ಷ ಮೇ 1ರಿಂದ ಅಕ್ಟೋಬರ್ 31ರವರೆಗೆ ನಿಷೇಧವಿದೆ. ಇತ್ತ 1986ರ ಕರ್ನಾಟಕ ಸಾಗರ ಮೀನುಗಾರಿಕೆ ನಿಯಂತ್ರಣ ಅಧಿನಿಯಮ ಮುಖ್ಯವಾಗಿ ದೋಣಿಗಳನ್ನು ಕುರಿತದ್ದು; ಇಳಿತದ ಹೊತ್ತಿಗೆ ಅಘನಾಶಿನಿ ಅಳಿವೆಯ ಕೆಸರಿಗಿಳಿದು ಕೈಯಿಂದ ಬಳಚು ಆಯುವವರು ಅದರ ದೃಷ್ಟಿಗೆ ಬಿದ್ದಿಲ್ಲ. ರಫ್ತಿನ ಸರಕಿಗಿರುವ ತಪಾಸಣೆಯ ಬಿಗಿ ಊರ ಸಂತೆಯ ಬುಟ್ಟಿಗಿಲ್ಲ. ಈ ವ್ಯವಸ್ಥೆಯ ದೊಡ್ಡ ಕೊರತೆ ಇದೆಂದು ಹೇಳಬೇಕು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಪಾಚಿಯ ಹಬ್ಬುಗೆಯನ್ನು ಉಪಗ್ರಹದಿಂದ ಗುರುತಿಸುತ್ತದೆ. ಕಿರಿದಾದ ಅಳಿವೆಗಳಲ್ಲಿ ಅದರ ನೆರವು ಸೀಮಿತ.

ಎಚ್ಚರಿಕೆ

 

ಚಿಪ್ಪು ತಿಂದ ಬಳಿಕ ತುಟಿ ಜೋಮು ಹಿಡಿದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಮಿಕ್ಕ ಮಾಂಸವನ್ನು ಎಸೆಯದೆ ಪರೀಕ್ಷೆಗೆ ತೆಗೆದಿಡಬೇಕು.