ಲಡ್ಲೋ

ಇಂಗ್ಲೆಂಡಿನ ಶ್ರಾಪ್‌ಶೈರ್ ಕೌಂಟಿಯ ದಕ್ಷಿಣ ಭಾಗದಲ್ಲಿ, ವೇಲ್ಸ್ ಗಡಿಗೆ ಸಮೀಪದಲ್ಲಿರುವ ಹಳೆಯ ಸಂತೆಪಟ್ಟಣ. ಟೀಮ್ ನದಿ ಬಳಸಿ ಹರಿಯುವ ಗುಡ್ಡದ ಮೇಲೆ ಊರು ನಿಂತಿದೆ. ಜನಸಂಖ್ಯೆ ಸುಮಾರು 10,000. ಇಷ್ಟು ಚಿಕ್ಕ ಊರಿನಲ್ಲಿ ಕಾನೂನಿನ ರಕ್ಷಣೆ ಪಡೆದ ಹಳೆಯ ಕಟ್ಟಡಗಳು ಐನೂರರ ಹತ್ತಿರ ಇವೆ. ರೈಲು ಬಂದದ್ದು 1852ರಲ್ಲಿ. ಇಂದಿಗೂ ಶ್ರೂಸ್‌ಬರಿ-ಹೆರೆಫರ್ಡ್ ಮಾರ್ಗದ ರೈಲಿನಲ್ಲಿ ಬಂದಿಳಿದರೆ ನಡೆದೇ ಊರೆಲ್ಲ ನೋಡಬಹುದು.

ಮೊದಲು ಹುಟ್ಟಿದ್ದು ಕೋಟೆ. ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ವೆಲ್ಷರ ಕಡೆಗೆ ಕಣ್ಣಿಡಲು ಡಿ ಲೇಸಿ ಮನೆತನದವರು 11ನೆಯ ಶತಮಾನದ ಕೊನೆಯಲ್ಲಿ ಇದನ್ನು ಕಟ್ಟಿಸಿದರು. ಅದರ ಬಾಗಿಲಿನೆದುರು ಅಗಲವಾದ ಸಂತೆಬೀದಿಯನ್ನೂ ಅಲ್ಲಿಂದ ನದಿಯ ಕಡೆಗೆ ನೇರವಾಗಿ ಇಳಿಯುವ ಬೀದಿಗಳನ್ನೂ ಹಾಕಿ ಊರನ್ನು ಬೆಳೆಸಲಾಯಿತು. ಕೋಟೆ ಕಾವಲು ಕಾಯಿತು, ಸಂತೆ ಊರನ್ನು ಸಾಕಿತು. ಆ ಸಂತೆಬೀದಿ ಈಗ ಅಷ್ಟು ಅಗಲವಾಗಿಲ್ಲ. ಬೆಳಿಗ್ಗೆ ಹೂಡಿ ಸಂಜೆ ಕಿತ್ತುಕೊಂಡು ಹೋಗಬೇಕಾದ ಅಂಗಡಿಗಳು ಕಾಲಕ್ರಮದಲ್ಲಿ ಅಲ್ಲೇ ಬೇರೂರಿ ಮನೆಗಳಾದವು. ನಡುವೆ ಉಳಿದ ಸಂದಿಗಳೇ ಇಂದಿನ ಓಣಿಗಳು. ಒತ್ತುವರಿ ಎಲ್ಲ ಊರಿಗೂ ಉಂಟು, ಇಲ್ಲಿ ಅದಕ್ಕೂ ಪುರಾತನದ ಗೌರವ ಸಿಕ್ಕಿದೆ.

ವೇಲ್ಸನ್ನೂ ಗಡಿನಾಡನ್ನೂ ಆಳುವ ಮಂಡಳಿ ಲಡ್ಲೋ ಕೋಟೆಯಲ್ಲಿ ನೆಲೆಸಿದ್ದ ಕಾಲದಲ್ಲಿ ಈ ಊರು ಒಂದು ರೀತಿಯ ರಾಜಧಾನಿಯಾಗಿತ್ತು. ಏಳನೆಯ ಹೆನ್ರಿಯ ಹಿರಿಯ ಮಗ ಆರ್ಥರ್ ಹೊಸ ಹೆಂಡತಿ ಕ್ಯಾಥರಿನಳೊಂದಿಗೆ ಬಂದು ಇಲ್ಲಿದ್ದ. ಮದುವೆಯಾಗಿ ಐದು ತಿಂಗಳು ತುಂಬುವ ಮೊದಲೇ, 1502ರ ಏಪ್ರಿಲ್ 2ರಂದು, ಹದಿನೈದರ ಹುಡುಗ ಇಲ್ಲೇ ತೀರಿಕೊಂಡ. ಸಿಂಹಾಸನವೂ ಮುಂದೆ ವಿಧವೆ ಕ್ಯಾಥರಿನಳೂ ಅವನ ತಮ್ಮನ ಪಾಲಾದವು. ಆ ತಮ್ಮನೇ ಎಂಟನೆಯ ಹೆನ್ರಿ. ಮಿಲ್ಟನ್ನನ ‘ಕೋಮಸ್’ 1634ರಲ್ಲಿ ಮೊದಲು ರಂಗಕ್ಕೆ ಬಂದದ್ದೂ ಈ ಕೋಟೆಯಲ್ಲಿಯೇ. 1689ರಲ್ಲಿ ಮಂಡಳಿ ರದ್ದಾಯಿತು, ಮಾಡು ಕುಸಿಯಿತು, ಗೋಡೆಗಳ ಮೇಲೆ ಬಳ್ಳಿ ಹಬ್ಬಿತು.

ಪಾಳುಬಿದ್ದ ಕೋಟೆಯನ್ನು 1811ರಲ್ಲಿ ಕೊಂಡವನ ಹೆಸರು ಕನ್ನಡ ಓದುಗರಿಗೆ ಮುಖ್ಯ. ಅವನು ಪೊವಿಸ್‌ನ ಅರ್ಲ್ ಎಡ್ವರ್ಡ್ ಕ್ಲೈವ್, ರಾಬರ್ಟ್ ಕ್ಲೈವನ ಮಗ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಮದರಾಸಿನ ಗವರ್ನರ್ ಆಗಿದ್ದವನು ಇವನೇ. ಇವನ ಹೆಂಡತಿ ಹೆನ್ರಿಯೆಟಾ ಮರುವರ್ಷ ಹೆಣ್ಣುಮಕ್ಕಳೊಂದಿಗೆ ಮೈಸೂರು ಸೀಮೆಯನ್ನು ಸುತ್ತಿ ಬಂದಳು. ಟಿಪ್ಪುವಿನ ಡೇರೆ ವೇಲ್ಸ್‌ನಲ್ಲಿರುವ, ಹಿಂದೆ ಈ ಮನೆತನದ್ದಾಗಿದ್ದ ಪೊವಿಸ್ ಕೋಟೆಯಲ್ಲಿದೆ. ಲಡ್ಲೋ ಕೋಟೆ ಇಂದಿಗೂ ಪೊವಿಸ್ ಅರ್ಲ್ ಮನೆತನದ್ದೇ.

ಕೋಟೆಯ ಒಳಗೆ ಮರೆಯದೆ ನೋಡಬೇಕಾದದ್ದು 12ನೆಯ ಶತಮಾನದ ದುಂಡನೆಯ ಪ್ರಾರ್ಥನಾಮಂದಿರ. ಊರೊಳಗೆ ಸೇಂಟ್ ಲಾರೆನ್ಸ್ ಚರ್ಚು. ಉಣ್ಣೆ ವ್ಯಾಪಾರದ ಹಣದಿಂದ ಬೆಳೆದ ಇದರ ಗೋಪುರ ಸುತ್ತಲ ಹೊಲಗಳಿಂದಲೇ ಕಾಣುತ್ತದೆ. ಆದರೆ ಇದರ ಸೊಗಸು ಗೋಪುರದಲ್ಲಿಲ್ಲ, ಗಾಯಕರ ಸಾಲಿನ ಮಡಚು ಪೀಠಗಳ ಅಡಿಯಲ್ಲಿದೆ. ದೀರ್ಘ ಪ್ರಾರ್ಥನೆಯಲ್ಲಿ ನಿಂತು ಸೋತವರು ಮೆಲ್ಲನೆ ಒರಗಲೆಂದು ಮಾಡಿದ ಆ ಮರದ ಅಂಚುಗಳ ಕೆಳಗೆ ಬಡಗಿ ಲೋಕವನ್ನೇ ಕೆತ್ತಿದ್ದಾನೆ. ಅವುಗಳಲ್ಲೊಂದರಲ್ಲಿ ಅಳತೆಯಲ್ಲಿ ಮೋಸ ಮಾಡಿದ ಮದ್ಯದಂಗಡಿಯವಳನ್ನು ದೆವ್ವವೊಂದು ಹೆಗಲಮೇಲೆ ಹೊತ್ತು ನರಕದ ಬಾಯಿಗೆ ಒಯ್ಯುತ್ತಿದೆ. ಅವಳ ಕೈಯಲ್ಲಿ ಅದೇ ಅಳತೆಪಾತ್ರೆ. ಒಂದು ದೆವ್ವ ಪಾಪದ ಪಟ್ಟಿ ಓದುತ್ತಿದೆ, ಇನ್ನೊಂದು ವಾದ್ಯ ಊದುತ್ತಿದೆ. ಸಂತೆಯೂರಿನ ಚರ್ಚಿಗೆ ಇದಕ್ಕಿಂತ ಒಪ್ಪುವ ಉಪದೇಶವಿಲ್ಲ. ‘ಎ ಶ್ರಾಪ್‌ಶೈರ್ ಲ್ಯಾಡ್’ ಬರೆದ ಎ. ಇ. ಹೌಸ್ಮನ್ನನ ಚಿತಾಭಸ್ಮವನ್ನು 1936ರಲ್ಲಿ ಈ ಚರ್ಚಿನ ಆವರಣದಲ್ಲೇ ಇರಿಸಿದರು. ಕವಿ ಹುಟ್ಟಿದ್ದು ಮಾತ್ರ ಪಕ್ಕದ ವೂಸ್ಟರ್‌ಶೈರಿನಲ್ಲಿ.

ಬೆಣ್ಣೆ ಮಾರುತ್ತಿದ್ದ ಬಟರ್‌ಕ್ರಾಸ್ ಎಂಬ ಕಂಬಸಾಲಿನ ಕಟ್ಟಡದಿಂದ ಬ್ರಾಡ್ ಸ್ಟ್ರೀಟ್ ಇಳಿಯುತ್ತದೆ. ಇಂಗ್ಲೆಂಡಿನ ಚೆಂದದ ಬೀದಿಗಳಲ್ಲಿ ಇದೊಂದು ಎಂಬ ಮಾತು ಉತ್ಪ್ರೇಕ್ಷೆಯಲ್ಲ. ಇಟ್ಟಿಗೆಯ ಎಷ್ಟೋ ಮುಖಗಳ ಹಿಂದೆ ಅವಕ್ಕಿಂತ ಹಳೆಯ ಮರದ ಚೌಕಟ್ಟಿನ ಮನೆಗಳಿವೆ. ಬೀದಿಯ ಕೆಳತುದಿಯಲ್ಲಿ ಊರಬಾಗಿಲು, ಅದನ್ನು ದಾಟಿದರೆ ಲಡ್‌ಫರ್ಡ್ ಸೇತುವೆ. ಸೇತುವೆಯಾಚೆಯ ರಸ್ತೆಬದಿಯ ಬಂಡೆಯಲ್ಲಿ ಒಂದು ತೆಳುಪದರವಿದೆ. ಅದರಲ್ಲಿ ಸುಮಾರು 42 ಕೋಟಿ ವರ್ಷ ಹಿಂದಿನ ಮೀನುಗಳ ಹುರುಪೆಚೂರುಗಳು ತುಂಬಿವೆ. ಭೂವಿಜ್ಞಾನಿ ಮರ್ಚಿಸನ್ ತನ್ನ 1839ರ ಗ್ರಂಥದಲ್ಲಿ ಈ ಬಂಡೆಗಳನ್ನು ವರ್ಣಿಸಿದ. ಸೈಲೂರಿಯನ್ ಯುಗದ ಒಂದು ಕಾಲಖಂಡಕ್ಕೆ ಇಂದು ಜಗತ್ತಿನಾದ್ಯಂತ ಲಡ್ಲೋ ಎಂದೇ ಹೆಸರು. ಸಂರಕ್ಷಿತ ಜಾಗವಾದ್ದರಿಂದ ಬಂಡೆಗೆ ಸುತ್ತಿಗೆ ಹಾಕುವಂತಿಲ್ಲ.

ಅಲ್ಲಿಂದ ವಿಟ್‌ಕ್ಲಿಫ್ ಗೋಮಾಳಕ್ಕೆ ಹತ್ತಿದರೆ ನದಿ, ಕೋಟೆ, ಗೋಪುರ ಒಂದೇ ನೋಟಕ್ಕೆ ಸಿಗುತ್ತವೆ. ಹಿಂದೆ ಮೂಡಣದಲ್ಲಿ 533 ಮೀಟರ್ ಎತ್ತರದ ಟಿಟರ್‌ಸ್ಟೋನ್ ಕ್ಲೀ ಬೆಟ್ಟ ಕಾಣುತ್ತದೆ. ಹಳೆಯ ಕಲ್ಲುಗಣಿಗಳ ನಡುವೆ ಕುರಿಗಳು ಮೇಯುವ ಬೋಳುಬೆಟ್ಟವದು. ವಾಯವ್ಯಕ್ಕೆ ಸುಮಾರು 11 ಕಿ.ಮೀ. ದೂರದ ಸ್ಟೋಕ್‌ಸೇ, ಕೋಟೆಯಂತೆ ಕಟ್ಟಿಕೊಂಡ ಮನೆ. ಉಣ್ಣೆ ವ್ಯಾಪಾರಿ ಲಾರೆನ್ಸ್ ಆಫ್ ಲಡ್ಲೋ 1291ರಲ್ಲಿ ಅದಕ್ಕೆ ರಾಜನ ಅನುಮತಿ ಪಡೆದ. ಮೂರು ವರ್ಷದಲ್ಲಿ, ಉಣ್ಣೆ ಸಾಗಿಸುತ್ತಿದ್ದಾಗ ಹಡಗು ಮುಳುಗಿ ಸತ್ತ.

ಕೋಟೆಯ ಮುಂದಿನ ಚೌಕದಲ್ಲಿದ್ದ ವಿಕ್ಟೋರಿಯನ್ ಕಾಲದ ಸಂತೆಕಟ್ಟಡವನ್ನು 1986ರಲ್ಲಿ ಕೆಡವಿದ ಮೇಲೆ ಸಂತೆ ಮತ್ತೆ ಬಯಲಿಗೆ ಬಂದಿದೆ. ಸೋಮವಾರ, ಬುಧವಾರ, ಶುಕ್ರವಾರ, ಶನಿವಾರ ಅದು ಸೇರುತ್ತದೆ. ಹೋಗುವವರು ಈ ನಾಲ್ಕರಲ್ಲೊಂದು ದಿನವನ್ನೇ ಆರಿಸಿಕೊಳ್ಳಬೇಕು.